ಕಾಸರಗೋಡಿನ ಸೆಕೆಗಾಲಕ್ಕೆ ಅಂಗಳ ಕಛೇರಿ: ಅಪ್‌ರೈಟ್ ಪಿಯಾನೋವೋ, ಡಿಜಿಟಲ್ಲೋ?

ಎಪ್ರಿಲ್-ಮೇ ಸಂಜೆ ಅಂಗಳದಲ್ಲಿ ಚಪ್ಪರ ಹಾಕಿ ಪಿಯಾನೋ ಕಛೇರಿ ಇಡುವವರಿಗೆ ನನ್ನ ಸಲಹೆ ಡಿಜಿಟಲ್ (ತಂತಿಗಳಿಲ್ಲದ, ವಿದ್ಯುತ್ತಿನ ಪಿಯಾನೋ). ಎರಡನ್ನೂ ಬಾಡಿಗೆಗೆ ತಂದು ನೋಡಿಯೇ ಈ ಮಾತು. ನಾದಕ್ಕಷ್ಟೇ ಅಂಕ ಕೊಡುವುದಾದರೆ ಅಪ್‌ರೈಟ್ (ನಿಜವಾದ ತಂತಿಗಳಿರುವ, ನೆಟ್ಟಗೆ ನಿಲ್ಲುವ ಪಿಯಾನೋ) ಮೇಲು, ಅದರಲ್ಲಿ ಎರಡು ಮಾತಿಲ್ಲ.

ಕೈಕೊಡುವುದು ಶ್ರುತಿ. ಅಪ್‌ರೈಟ್‌ನ ಸೌಂಡ್‌ಬೋರ್ಡ್, ಅಂದರೆ ನಾದ ಹೊಮ್ಮಿಸುವ ಹಲಗೆ, ಸ್ಪ್ರೂಸ್ ಮರದ್ದು. ಕಡಲಗಾಳಿಯ ತೇವ ಹೀರಿ ಅದು ಉಬ್ಬಿದಾಗ ಮೇಲಿನ ಬ್ರಿಡ್ಜ್ (ತಂತಿಗಳು ಒರಗುವ ಮರದ ಪಟ್ಟಿ) ತಂತಿಗಳನ್ನು ಒತ್ತುತ್ತದೆ, ಬಿಗಿ ಹೆಚ್ಚಿ ಸ್ವರ ಏರುತ್ತದೆ. ಎಲ್ಲ ಸ್ವರಗಳೂ ಸಮನಾಗಿ ಏರಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ನಡುವಿನ ಸಪ್ತಕಗಳು ಜಾಸ್ತಿ ಏರುತ್ತವೆ, ತಾಮ್ರ ಸುತ್ತಿದ ಮಂದ್ರ ತಂತಿಗಳು ಕಡಿಮೆ. ಎಡಗೈ ಒಂದು ಶ್ರುತಿ, ಬಲಗೈ ಇನ್ನೊಂದು!

ಮರ ಉಬ್ಬಲು ಗಂಟೆಗಳು, ದಿನಗಳು ಬೇಕು. ಹ್ಯಾಲೊಜನ್ ದೀಪದ ಬಿಸಿಗೆ ತಂತಿ ಹಿಗ್ಗಿ ಸ್ವರ ಇಳಿಯಲು ನಿಮಿಷಗಳು ಸಾಕು. ಹಾಗಾಗಿ ಎಸಿ ಕೋಣೆಯಲ್ಲಿ ಶ್ರುತಿ ಮಾಡಿ ತಂದ ವಾದ್ಯ ಅಂಗಳದಲ್ಲಿ ನಿಲ್ಲುವುದಿಲ್ಲ. ಹಿಂದಿನ ದಿನವೇ ತಂದು ನೆರಳಲ್ಲಿಡಬೇಕು. ಕಛೇರಿಯ ಹೊತ್ತಿಗೆ ಸ್ವಲ್ಪ ಮುಂಚೆ, ವೇದಿಕೆಯ ದೀಪಗಳನ್ನು ಉರಿಸಿಯೇ 440 ಹರ್ಟ್ಸ್‌ಗೆ (ವಾದ್ಯಗಳ ರೂಢಿಯ ಶ್ರುತಿಮಟ್ಟ) ಕೂಡಿಸಬೇಕು, ವಿರಾಮದಲ್ಲಿ ಮತ್ತೆ ತಿದ್ದಬೇಕು. ಅಂದರೆ ಟ್ಯೂನರ್ (ಶ್ರುತಿ ಮಾಡುವವರು) ಕೊನೆಯ ತನಕ ಇರಲೇಬೇಕು. ಮಂಗಳೂರಿನಿಂದ ಕರೆಸಿದರೂ ಸುಮಾರು 50 ಕಿ.ಮೀ. ಇಷ್ಟಾದ ಮೇಲೂ ಕೀಲಿಯೊಳಗಿನ ಉಣ್ಣೆಯ ಫೆಲ್ಟ್ ತೇವಕ್ಕೆ ಊದಿಕೊಂಡರೆ ಒತ್ತಿದ ಕೀಲಿ ಮೇಲೇಳುವುದಿಲ್ಲ.

ತೂಕ: ಅಪ್‌ರೈಟ್‌ಗಳಲ್ಲಿ ಯಮಹಾ ಯು1 ಸುಮಾರು 228 ಕೆ.ಜಿ., ಡಿಜಿಟಲ್‌ಗಳಲ್ಲಿ ರೋಲ್ಯಾಂಡ್ ಎಫ್‌ಪಿ-30ಎಕ್ಸ್ 15 ಕೆ.ಜಿ.ಯೊಳಗೆ.

ಡಿಜಿಟಲ್‌ನ ಒಳ ಸ್ಪೀಕರ್ ಬಯಲಿಗೆ ಸಾಲದು. ಎಡ-ಬಲ ಔಟ್‌ಪುಟ್‌ಗಳಿಂದ ಎರಡು ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ಮೂಲಕ ಮಿಕ್ಸರ್‌ಗೆ ಕೊಡಿ. ಜನರೇಟರ್ ಓಡುವಾಗ ಗುಂಯ್ ಎಂದರೆ ಡಿಐನ ಗ್ರೌಂಡ್ ಲಿಫ್ಟ್ ಗುಂಡಿ (ಸಂಕೇತ ತಂತಿಯ ಗ್ರೌಂಡ್ ಮಾತ್ರ ಬಿಡಿಸುವುದು) ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ. ನಮ್ಮೂರ ಮೈಕಿನವರ ಕೈ ಯಕ್ಷಗಾನಕ್ಕೆ ಪಳಗಿದ್ದು. ಚೆಂಡೆಗೂ ಭಾಗವತರಿಗೂ ಒಪ್ಪುವ ಸೆಟ್ಟಿಂಗನ್ನೇ ಬಿಟ್ಟರೆ ಪಿಯಾನೋ ಡಬ್ಬಿ ಬಡಿದಂತೆ ಕೇಳುತ್ತದೆ. ಎಕೋ ತೆಗೆಸಿ, ಟ್ರೆಬಲ್ ಇಳಿಸಿ, ಸ್ಪೀಕರುಗಳನ್ನು ವಾದಕರ ಎರಡು ಬದಿಗೇ ಇಡಿಸಿ.

ಮುಚ್ಚಿದ ಸಭಾಭವನವಿದ್ದು ಟ್ಯೂನರ್ ಖರ್ಚು ಹೊರುವವರಿದ್ದರೆ ಅಪ್‌ರೈಟೇ ತನ್ನಿ. ನನ್ನ ರೂಢಿ ಅಂಗಳದ್ದು, ಬಜೆಟ್ ಸಣ್ಣದು. ಲಾರಿ, ಕೂಲಿ, ಶ್ರುತಿಗೆ ಹೋಗುವ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕುತ್ತೇನೆ. ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಡಿಜಿಟಲ್‌ನ ಪ್ಲಗ್ ಕಿತ್ತು ಇಬ್ಬರು ಚಾವಡಿಗೆ ಒಯ್ಯಬಹುದು, ಅಪ್‌ರೈಟ್‌ಗೆ ಟಾರ್ಪಾಲೇ ಗತಿ.