ಮೂರು ವರ್ಷ, ನಾಲ್ಕು ಸ್ಕ್ಯಾನ್: ಅವ್ವನ ಲಿವರ್ ಸಿಸ್ಟ್ ಮತ್ತು ಕಲಬುರಗಿಯ ಈ ಸ್ಕ್ಯಾನಿಂಗ್ ಸೆಂಟರ್

ನಾವು ಶಹಾಪುರ ಕಡೆಯವರು. ಮೂರು ವರ್ಷದಿಂದ ಅವ್ವನ ಹೊಟ್ಟೆ ಸ್ಕ್ಯಾನಿಂಗ್‌ಗೆ ಕಲಬುರಗಿಯ ಇದೇ ಸೆಂಟರ್‌ಗೆ ಬರುತ್ತಿದ್ದೇವೆ.

ಮೊದಲ ಸಲ ಬಂದದ್ದು ಪಿತ್ತಕೋಶದ ಕಲ್ಲಿನ ಅನುಮಾನಕ್ಕೆ. ಕಲ್ಲು ಇರಲಿಲ್ಲ, ಲಿವರ್‌ನ ಬಲಭಾಗದಲ್ಲಿ 4.2 ಸೆಂ.ಮೀ. ಸಿಸ್ಟ್, ಅಂದರೆ ನೀರು ತುಂಬಿದ ಗುಳ್ಳೆ, ಇದೆ ಎಂದು ರಿಪೋರ್ಟ್ ಬಂತು. ಲಕೋಟೆ ಕೊಟ್ಟ ಹುಡುಗ 'ಡಾಕ್ಟರಿಗೆ ತೋರಿಸ್ರಿ' ಅಂದ, ಅಷ್ಟೇ. ಊರು ಮುಟ್ಟುವಷ್ಟರಲ್ಲಿ ಅದು 'ಲಿವರ್ ಗಡ್ಡಿ' ಆಗಿತ್ತು. ಸೋಲಾಪುರಕ್ಕೆ ಹೋಗ್ರಿ ಅಂದವರು ಕೆಲವರು, ಹೈದರಾಬಾದಿಗೆ ಅಂದವರು ಕೆಲವರು. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಒಂದು ನರ್ಸಿಂಗ್ ಹೋಮ್‌ನಲ್ಲಿ 'ಸೂಜಿ ಹಾಕಿ ನೀರು ತಗದುಬಿಡೋಣು, ನಾಳಿ ಬರ್ರಿ' ಅಂದರು.

ರೊಕ್ಕ ಹೊಂದಿಸುವ ಮೊದಲು ಒಂದು ಮಾತು ಕೇಳೋಣವೆಂದು ಸೆಂಟರ್‌ಗೇ ವಾಪಸ್ ಬಂದೆವು. ರೇಡಿಯಾಲಜಿಸ್ಟ್ ಮೇಡಮ್ ಕೇಳಿದ ಮೊದಲ ಪ್ರಶ್ನೆ: 'ಯವ್ವಾ, ಮನ್ಯಾಗ ಕುರಿ ಅದಾವೇನು? ನಾಯಿ?' ಎರಡೂ ಇವೆ. ಆಗ ಅವರು ಹೈಡಾಟಿಡ್ ಸಿಸ್ಟ್ ಬಗ್ಗೆ ಬಿಡಿಸಿ ಹೇಳಿದರು. ಈ ಗುಳ್ಳೆ ಇರುವ ಕುರಿಯ ಲಿವರ್ ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಲಾಡಿಹುಳ ಬೆಳೆಯುತ್ತದೆ, ಅದರ ಮೊಟ್ಟೆ ಕೈಯಿಂದ, ತರಕಾರಿಯಿಂದ ನಮ್ಮ ಬಾಯಿಗೆ ಹೋದರೆ ಲಿವರ್‌ನಲ್ಲಿ ಗುಳ್ಳೆಯಾಗಿ ಬೆಳೆಯುತ್ತದಂತೆ. ಅಂಥದ್ದಕ್ಕೆ ವಿಚಾರಿಸದೆ ಸೂಜಿ ಹಾಕಿದರೆ ಒಳಗಿನ ನೀರು ಸೋರಿ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು, ಹೊಟ್ಟೆಯಲ್ಲೆಲ್ಲ ಹೊಸ ಗುಳ್ಳೆಗಳೂ ಏಳಬಹುದು. ನರ್ಸಿಂಗ್ ಹೋಮ್‌ನಲ್ಲಿ ಯಾರೂ ಕುರಿಯ ಸುದ್ದಿ ಎತ್ತಿರಲಿಲ್ಲ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೇಡಮ್ ಪರದೆಯನ್ನು ಅವ್ವನ ಕಡೆ ತಿರುಗಿಸಿ ತೋರಿಸಿದರು: ಗೋಡೆ ತೆಳು, ಒಳಗೆಲ್ಲ ಕಪ್ಪು ನೀರು, ಅಡ್ಡಗೋಡೆ ಇಲ್ಲ, ಮರಿಗುಳ್ಳೆ ಇಲ್ಲ, ಸುಣ್ಣ ಕಟ್ಟಿಲ್ಲ. ಇಂಥ ಸಾದಾ ನೀರುಗುಳ್ಳೆ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಬಹಳ ಕಾಣುತ್ತದೆ, ತೊಂದರೆ ಕೊಡದಿದ್ದರೆ ಔಷಧಿಯೂ ಬೇಡ ಎಂದರು. ಹೈಡಾಟಿಡ್ ರಕ್ತಪರೀಕ್ಷೆ ನೆಗೆಟಿವ್ ಬಂತು. ಆದರೆ ರೋಗ ಇದ್ದೂ ಒಮ್ಮೊಮ್ಮೆ ನೆಗೆಟಿವ್ ಬರುತ್ತದೆ, ಮನೆಯಲ್ಲಿ ಕುರಿ ಬೇರೆ ಇವೆ ಎಂದು ಮತ್ತೆ ಬರಲು ಹೇಳಿದರು.

ಮೂರನೇ ಸಲ ಬೇರೆ ಡಾಕ್ಟರ್ ಇದ್ದರು. 5 ಸೆಂ.ಮೀ. ಎಂದು ಬರೆದರು. ನನ್ನ ಕಾಲೇ ಬರಲಿಲ್ಲ. ಹಳೆಯ ಚಿತ್ರ ಸೆಂಟರ್‌ನವರ ಕಂಪ್ಯೂಟರ್‌ನಲ್ಲಿ ಉಳಿದಿರಲಿಲ್ಲ, ನಾನು ಫಿಲ್ಮ್ ಊರಲ್ಲೇ ಬಿಟ್ಟು ಬಂದಿದ್ದೆ. ಮರುದಿನ ತಂದು ಪಕ್ಕದಲ್ಲಿಟ್ಟು ನೋಡಿದರೆ ಅಳತೆ ಹಿಡಿದ ದಿಕ್ಕೇ ಬೇರೆ. ಗುಳ್ಳೆ ಬೆಳೆದಿರಲಿಲ್ಲ. ಒಂದು ರಾತ್ರಿಯ ನಿದ್ದೆ ಮಾತ್ರ ಹೋಯಿತು. ಈಗ ಎಲ್ಲ ಫಿಲ್ಮೂ ಒಂದೇ ಫೈಲಿನಲ್ಲಿವೆ, ಅವ್ವನ ಟ್ರಂಕಿನಲ್ಲಿ.

ಕೊರತೆ ಇನ್ನೊಂದು, ಕಾಯಿಸುವುದು. ಖಾಲಿ ಹೊಟ್ಟೆಯಲ್ಲಿ ನಸುಕಿನ ಬಸ್ಸಿಗೆ ಬಂದ ಶುಗರ್ ಪೇಷಂಟ್‌ಗೆ ಹನ್ನೆರಡರ ತನಕ ಸರದಿ ಬರಲಿಲ್ಲ. ಕೌಂಟರಿನಲ್ಲಿ ಶುಗರ್ ಇದೆ ಎಂದು ಮೊದಲೇ ಹೇಳಿ, ಮುಂದೆ ಕರೆಯುತ್ತಾರೆ. ಕೇಳದೆ ಅವರಾಗಿ ಕರೆಯುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ನಾಲ್ಕೂ ಆ ಮೇಡಮ್ ಕೇಳಿದ ಕುರಿಯ ಪ್ರಶ್ನೆಗೆ. ನಾಲ್ಕನೇ ಸ್ಕ್ಯಾನ್‌ನಲ್ಲಿ ಮತ್ತೆ ಅದೇ 4.2. ಈಗ ನಮ್ಮ ಮನೆಯಲ್ಲಿ ಕುರಿ ಕೊಯ್ದರೆ ಕರುಳು, ಲಿವರ್ ನಾಯಿಗೆ ಎಸೆಯುವುದಿಲ್ಲ, ಆಳವಾಗಿ ಹೂಳುತ್ತೇವೆ. ನಾಯಿಗೆ ಪಶು ಆಸ್ಪತ್ರೆಯವರು ಬರೆದ ಪ್ರಾಜಿಕ್ವಾಂಟೆಲ್ ಎಂಬ ಲಾಡಿಹುಳದ ಗುಳಿಗೆಯನ್ನು ಅವ್ವನೇ ರೊಟ್ಟಿಯಲ್ಲಿಟ್ಟು ತಿನ್ನಿಸುತ್ತಾಳೆ.