ನಾಜಲ್ ಟೆಸ್ಟ್ ಮಾಡಲು ಹೋಗಿ ಬೆರಳು ಕೊಯ್ಯಿಸಿಕೊಂಡೆ

ಎಡಗೈ ತೋರುಬೆರಳಿನ ತುದಿಯಲ್ಲಿ ಒಂದು ಚುಕ್ಕೆ. ಸಾಸಿವೆ ಕಾಳಿಗಿಂತ ಚಿಕ್ಕದು. ರಕ್ತ ಕೂಡ ಸರಿಯಾಗಿ ಬರಲಿಲ್ಲ. ಆ ಚುಕ್ಕೆಯಿಂದ ನನಗೆ ಎರಡು ಆಪರೇಷನ್, ಒಂಬತ್ತು ದಿನ ಆಸ್ಪತ್ರೆ, ಮೂರು ತಿಂಗಳು ಫಿಸಿಯೋಥೆರಪಿ ಆಯ್ತು. ಡೀಸೆಲ್ ಗಾಡಿಯ ನಾಜಲ್ ಅನ್ನು, ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗವನ್ನು, ಮನೆಯಲ್ಲೇ ಕ್ಲೀನ್ ಮಾಡಿ ಟೆಸ್ಟ್ ಮಾಡೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ, ಸ್ವಲ್ಪ ಇದನ್ನು ಓದಿ.

ಲಗ್ಗೆರೆಯಲ್ಲಿ ನಮ್ಮ ಮನೆ. ಎರಡು ಸಿಲಿಂಡರಿನ ಹಳೇ ಗೂಡ್ಸ್ ಗಾಡಿ ಇದೆ. ಬೆಳಗಿನ ಜಾವ ಯಶವಂತಪುರ ಎಪಿಎಂಸಿಯಿಂದ ಈರುಳ್ಳಿ, ಆಲೂಗಡ್ಡೆ ತುಂಬಿಕೊಂಡು ಅಂಗಡಿಗಳಿಗೆ ಹಾಕುವುದು ನನ್ನ ಕೆಲಸ. ಆ ಚಳಿಗಾಲದಲ್ಲಿ ಗಾಡಿ ಸ್ಟಾರ್ಟ್ ಆಗಲು ತುಂಬಾ ಸತಾಯಿಸುತ್ತಿತ್ತು. ಲೋಡ್ ಇದ್ದಾಗ ಗೊರಗುಂಟೆಪಾಳ್ಯದ ಹತ್ತಿರ ಏರು ಸಿಕ್ಕರೆ ಕಪ್ಪು ಹೊಗೆ. ಹಿಂದಿನ ಬೈಕಿನವರು ಬೈಯದ ದಿನವಿಲ್ಲ. ಡೀಸೆಲ್ ಪಂಪ್, ನಾಜಲ್ ರಿಪೇರಿ ಮಾಡುವ ಪೀಣ್ಯದ ಪಂಪ್ ಶಾಪಿನಲ್ಲಿ ಕೇಳಿದೆ. ಎರಡೂ ನಾಜಲ್ ಬಿಚ್ಚಿ, ಟೆಸ್ಟ್ ಮಾಡಿ, ಪ್ರೆಷರ್ ಸೆಟ್ ಮಾಡಲು 1,800 ರೂಪಾಯಿ ಅಂದರು. ಅದೇ ವಾರ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿನಲ್ಲಿ ಕೈಯಿಂದ ಒತ್ತುವ ಹಳೇ ನಾಜಲ್ ಟೆಸ್ಟರ್ ಒಂದು 1,500ಕ್ಕೆ ಸಿಕ್ಕಿತು. ಮುನ್ನೂರು ಉಳಿಯಿತು, ಮೇಲೆ ಸಾಮಾನೂ ನಮ್ಮದೇ! ಖುಷಿಯಾಗಿ ಹೊತ್ತುಕೊಂಡು ಬಂದೆ.

ಟೆಸ್ಟರ್ ಅಂದರೆ ದೊಡ್ಡ ಯಂತ್ರವೇನಲ್ಲ. ಮೇಲೆ ಡೀಸೆಲ್ ಹಾಕುವ ಪುಟ್ಟ ಡಬ್ಬಿ, ಒಂದು ಮೀಟರು, ಒಂದು ಉದ್ದನೆಯ ಲಿವರ್. ಪೈಪಿನ ತುದಿಗೆ ನಾಜಲ್ ಬಿಗಿಯುವುದು. ಲಿವರ್ ಒತ್ತಿದರೆ ಮೀಟರಿನ ಮುಳ್ಳು ಏರುತ್ತದೆ. ಒಂದು ಹಂತ ತಲುಪಿದ ಕೂಡಲೇ ಒಳಗಿನ ಸೂಜಿ ಮೇಲೆದ್ದು ಡೀಸೆಲ್ ಹೊಗೆಯ ಹಾಗೆ ಚಿಮ್ಮುತ್ತದೆ. ಚೆನ್ನಾಗಿರುವ ನಾಜಲ್ ಚರ್ ಚರ್ ಅಂತ ಸದ್ದು ಮಾಡುತ್ತದೆ. ಆ ಹಂತಕ್ಕಿಂತ ಸ್ವಲ್ಪ ಕೆಳಗೆ ಮುಳ್ಳನ್ನು ಹತ್ತು ಸೆಕೆಂಡ್ ನಿಲ್ಲಿಸಿದರೂ ಮೂತಿಯಲ್ಲಿ ಒಂದು ಹನಿಯೂ ಕೂರಬಾರದು. ಇಷ್ಟೆಲ್ಲ ವಿಡಿಯೋ ನೋಡಿ ಕಲಿತಿದ್ದೆ. ನಮ್ಮಂಥ ಹಳೇ ಎಂಜಿನ್ನಿನಲ್ಲಿ ಕೂಡ ಆ ಪ್ರೆಷರ್ 100 ಬಾರ್‌ಗಿಂತ ಜಾಸ್ತಿ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ ಅಲ್ವಾ? ಈ ಲೆಕ್ಕ ಮಾತ್ರ ಅವತ್ತು ತಲೆಗೆ ಹೋಗಲಿಲ್ಲ.

ಭಾನುವಾರ ಬೆಳಗ್ಗೆ ಅಕ್ಕನ ಮಗನನ್ನು ಕರೆದುಕೊಂಡು ಹಿತ್ತಲಲ್ಲಿ ಕೂತೆ. ನಾಜಲ್‌ಗಳನ್ನು ಬಿಚ್ಚಿ, ಒಳಗಿನ ಸೂಜಿ, ಬಾಡಿ ಎಲ್ಲವನ್ನೂ ಒಂದೇ ಸ್ಟೀಲ್ ಬಟ್ಟಲಲ್ಲಿ ಸೀಮೆಎಣ್ಣೆಗೆ ಹಾಕಿದೆ. ಮೂತಿಯ ಮಸಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಫಳಫಳ ಅಂತ ಹೊಳೆಯಿತು. ಜೋಡಿಸಿ ಟೆಸ್ಟರಿಗೆ ಹಾಕಿದರೆ ಮೊದಲನೆಯದು ಪರವಾಗಿಲ್ಲ ಅನ್ನುವ ಹಾಗೆ ಚಿಮ್ಮಿತು. ಎರಡನೆಯದು ತೊಟ್ಟಿಕ್ಕುತ್ತಿತ್ತು.

ಹನಿ ಎಲ್ಲಿಂದ ಬರುತ್ತಿದೆ ಅಂತ ನೋಡಲು ಬೆರಳಿನಿಂದ ಮೂತಿ ಒರೆಸಿದೆ. ಅದೇ ಹೊತ್ತಿಗೆ ಹುಡುಗ ಲಿವರ್ ಒತ್ತಿದ. ಅವನದೇನೂ ತಪ್ಪಿಲ್ಲ, “ಇನ್ನೊಂದ್ಸಲ ಒತ್ತೋ” ಅಂದವನು ನಾನೇ. ಇರುವೆ ಕಚ್ಚಿದ ಹಾಗಾಯಿತು, ಅಷ್ಟೇ. “ಮಾಮ, ಏನಾಯ್ತು?” ಅಂದ. ಏನಿಲ್ಲ ಬಿಡು ಅಂದೆ. ಸೋಪು ಹಾಕಿ ತೊಳೆದು, ಅರಿಶಿನ ಮೆತ್ತಿ, ಕೆಲಸ ಮುಂದುವರಿಸಿದೆ.

ಮಧ್ಯಾಹ್ನ ಬೆರಳು ಜೋಮು ಹಿಡಿದಂತಿತ್ತು. ಸಂಜೆ ಹೊತ್ತಿಗೆ ಊದಿ ಬೆಂಡೆಕಾಯಿಯಷ್ಟು ಬಿಗಿಯಾಯಿತು, ತುದಿ ಬಿಳಿಚಿಕೊಂಡಿತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ “ಏನೋ ಚುಚ್ಚಿತು” ಅಂದೆ. ಟಿಟಿ ಚುಚ್ಚಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ನಾನು ಹೇಳಿದ್ದೇ ಅಷ್ಟು, ಅವರಾದರೂ ಏನು ಮಾಡಿಯಾರು. ರಾತ್ರಿ ಒಂಬತ್ತಕ್ಕೆ ಮುದ್ದೆ ಉಂಡೆ. ಹನ್ನೊಂದರ ಹೊತ್ತಿಗೆ ನೋವು ಅಂಗೈಗೆ ಇಳಿದಿತ್ತು, ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. “ರೀ, ಸುಮ್ನೆ ಏಳಿ” ಅಂತ ಹೆಂಡತಿ ಆಟೋ ಕರೆದಳು.

ದೊಡ್ಡ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ “ಡೀಸೆಲ್ಲಾ? ಪ್ರೆಷರ್‌ನಲ್ಲಾ?” ಅಂತ ಎರಡೆರಡು ಸಲ ಕೇಳಿದರು. ತಕ್ಷಣ ಫೋನ್ ಮಾಡಿ ಕೈ ಸರ್ಜನ್ನರನ್ನು ಕರೆಸಿದರು. ಹೊರಗೆ ಚುಕ್ಕೆಯಷ್ಟೇ ಕಂಡರೂ ಡೀಸೆಲ್ ಒಳಗೆ ಬೆರಳು ಮಡಚುವ ಸ್ನಾಯುರಜ್ಜುವಿನ ದಾರಿ ಹಿಡಿದು ಅಂಗೈವರೆಗೆ ಓಡಿರುತ್ತದಂತೆ. ಅಲ್ಲಿ ಮಾಂಸವನ್ನು ಸುಡುತ್ತದೆ, ಊತದಿಂದ ರಕ್ತ ಓಡಾಟ ನಿಲ್ಲುತ್ತದೆ. ಕೆಲವು ಗಂಟೆಗಳೊಳಗೆ ಕೊಯ್ದು ತೊಳೆಯಬೇಕು. ತಡವಾದಷ್ಟೂ ಬೆರಳೇ ಹೋಗುವ ಸಂಭವ ಜಾಸ್ತಿ. “ಊಟ ಎಷ್ಟೊತ್ತಿಗೆ ಆಯ್ತು?” ಅಂದರು. ಮುದ್ದೆ ಅಂದೆ. ಅವರ ಮುಖ ನೋಡಬೇಕಿತ್ತು. ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕಲ್ಲ, ಅದೂ ಒಂದು ತಾಪತ್ರಯ. ಬೆರಳನ್ನು ಉದ್ದಕ್ಕೆ ಕೊಯ್ದು, ತೊಳೆದು, ಹೊಲಿಯದೆ ಹಾಗೇ ಬಿಟ್ಟರು. ಎರಡು ದಿನ ಬಿಟ್ಟು ಮತ್ತೆ ತೊಳೆದರು. ಬ್ಯಾಂಡೇಜ್ ಬಿಚ್ಚಿದಾಗಲೂ ಡೀಸೆಲ್ ವಾಸನೆ ಬಂತು.

ಹಾಗಾಗಿ ಯಾರಿಗೇ ಹೀಗಾದರೂ ನೋವಿಲ್ಲ ಅಂತ ಕಾಯಬೇಡಿ. ಏನೂ ತಿನ್ನದೆ ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. “ಚುಚ್ಚಿತು” ಅನ್ನಬೇಡಿ, “ಪ್ರೆಷರ್‌ನಲ್ಲಿ ಡೀಸೆಲ್ ಒಳಗೆ ಹೋಗಿದೆ” ಅಂತಲೇ ಹೇಳಿ.

ಇನ್ನು ಆ ನಾಜಲ್‌ಗಳ ಕಥೆ. ಕೈ ವಾಸಿಯಾದ ಮೇಲೆ ಪಂಪ್ ಶಾಪಿಗೇ ತೆಗೆದುಕೊಂಡು ಹೋದೆ. ಮಿಸ್ತ್ರಿ ಸೂಜಿ ಎತ್ತಿ ಬೆಳಕಿಗೆ ಹಿಡಿದು “ಅಣ್ಣ, ಎರಡನ್ನೂ ಒಂದೇ ಬಟ್ಟಲಿಗೆ ಹಾಕಿದ್ರಾ?” ಅಂತ ಕೇಳಿದ. ನನಗೆ ಆಶ್ಚರ್ಯ. ಒಂದೊಂದು ಸೂಜಿಯನ್ನೂ ಅದರದೇ ಬಾಡಿಗೆ ಅರೆದು ಕೂರಿಸಿರುತ್ತಾರಂತೆ, ನಡುವಿನ ಸಂದು ಎರಡು ಮೂರು ಮೈಕ್ರಾನ್. ನಾನು ಅದಲು ಬದಲು ಮಾಡಿದ್ದೆ. ಸಾಲದ್ದಕ್ಕೆ ತಂತಿ ಬ್ರಷ್ ಮೂತಿಯನ್ನು ಗೀರಿತ್ತು. ಅಂದರೆ ಅವತ್ತು ತೊಟ್ಟಿಕ್ಕಿದ ಹನಿಯೂ ನನ್ನದೇ ಕೈವಾಡ! ಎರಡೂ ಹೊಸದೇ ಹಾಕಿಸಬೇಕಾಯಿತು, ಜೊತೆಗೆ ಹೊಸ ತಾಮ್ರದ ವಾಷರ್.

ಕಾಮನ್ ರೈಲ್ ಕಾರು (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಪ್ರೆಷರ್‌ನಲ್ಲಿ ಡೀಸೆಲ್ ಹೋಗುವ ಹೊಸ ಥರದ ಎಂಜಿನ್) ಇರುವವರಿಗೆ ಒಂದು ಮಾತು. ಅದರಲ್ಲಿ ಪ್ರೆಷರ್ 1,600 ಬಾರ್‌ವರೆಗೂ ಹೋಗುತ್ತದೆ, ಕೆಲವದರಲ್ಲಿ ಇನ್ನೂ ಮೇಲೆ. ಯಾವ ಸಿಲಿಂಡರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಪೈಪಿನ ನಟ್ ಸಡಿಲಿಸುವ ಹಳೇ ಮೆಕ್ಯಾನಿಕ್‌ಗಳ ಅಭ್ಯಾಸವನ್ನು ಅಲ್ಲಿ ಮಾಡಲೇಬೇಡಿ. ಲೀಕ್ ಹುಡುಕಬೇಕಾದರೆ ರಟ್ಟಿನ ತುಂಡು ಹಿಡಿಯಿರಿ, ಬೆರಳಲ್ಲ. ಹೊಗೆಯಂಥ ಆ ಡೀಸೆಲ್ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ ಅನ್ನುವುದೂ ನನಗೆ ಆಮೇಲೆ ಹೊಳೆಯಿತು. ನಮ್ಮ ಗ್ಯಾಸ್ ಗೀಸರ್ ಇದ್ದದ್ದು ಅಲ್ಲಿಂದ ನಾಲ್ಕು ಅಡಿ ದೂರದಲ್ಲಿ.

ಬೆರಳಿನ ಮೇಲಿನ ಗೆಣ್ಣು ಈಗಲೂ ಪೂರ್ತಿ ಮಡಚುವುದಿಲ್ಲ. ಟೆಸ್ಟರ್ ಮೆಟ್ಟಿಲ ಕೆಳಗಿದೆ. ಪಕ್ಕದ ಬೀದಿಯ ಹುಡುಗನೊಬ್ಬ ಸಾವಿರಕ್ಕೆ ಕೊಡಿ ಅಂತ ಕೇಳಿದ. ಕೊಡಲಿಲ್ಲ. ಅದರ ಲಿವರ್ ಮಾತ್ರ ಬಿಚ್ಚಿ ಗುಜರಿಗೆ ಹಾಕಿದೆ.