ನಟ್‌ಹ್ಯಾಚ್ ಹಿಂದೆ ಹೊರಟವರಿಗೆ ನಿಕಾನ್ 200-500 ಲೆನ್ಸ್
ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕಾಣಸಿಗುವ ವೆಲ್ವೆಟ್ ಫ್ರಂಟೆಡ್ ನಟ್‌ಹ್ಯಾಚ್ ಗುಬ್ಬಿಗಿಂತಲೂ ಚಿಕ್ಕದು. ಉದ್ದ ಸುಮಾರು 12 ಸೆಂಟಿಮೀಟರ್. ಆದ್ದರಿಂದ ಇದನ್ನು ಸೆರೆಹಿಡಿಯಲು ಲೆನ್ಸ್ ಕೊಳ್ಳುವವರು ಮೊದಲು ವಿಚಾರಿಸುವುದು ಅದು ಎಷ್ಟು ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುತ್ತದೆ ಎಂಬುದನ್ನೇ. ನಿಕಾನ್ 2015ರಲ್ಲಿ ಹೊರತಂದ 200-500 ಎಂಎಂ ಎಫ್/5.6 ಲೆನ್ಸನ್ನು ಗಣೇಶಗುಡಿ, ದಾಂಡೇಲಿಯ ಕಾಡುಗಳಲ್ಲಿ ಬಳಸಿದ ಮೇಲೆ, ಈ ಹಕ್ಕಿಯ ಮಟ್ಟಿಗೆ ದೂರದ್ದನ್ನು ಹತ್ತಿರ ತರುವ 500ಕ್ಕಿಂತ ಅಗಲ ನೋಟ ಕೊಡುವ 200 ಎಂಎಂ ತುದಿಯೇ ಹೆಚ್ಚು ಉಪಕಾರಿ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ಕಾರಣ ಹಕ್ಕಿಯ ನಡವಳಿಕೆಯಲ್ಲೇ ಇದೆ. ಮರಕುಟಿಗವು ಬಾಲವನ್ನು ಕಾಂಡಕ್ಕೆ ಊರಿಕೊಂಡು ಮೇಲೇರಿದರೆ, ನಟ್‌ಹ್ಯಾಚ್ ಬಾಲದ ಆಸರೆಯಿಲ್ಲದೆ ಬರೀ ಉಗುರಿನ ಹಿಡಿತದಲ್ಲಿ ಮೇಲೆ, ಅಡ್ಡಲಾಗಿ, ತಲೆಕೆಳಗಾಗಿ ಸರಿದಾಡುತ್ತ ತೊಗಟೆಯ ಬಿರುಕುಗಳಿಂದ ಹುಳು, ಜೇಡಗಳನ್ನು ಹೆಕ್ಕುತ್ತದೆ. ಕಾಂಡದ ಹಿಂದೆ ಮರೆಯಾದದ್ದು ಯಾವ ಮಗ್ಗುಲಿನಿಂದ ಹೊರಬರುವುದೋ ಹೇಳಲಾಗದು. 200ರಲ್ಲಿ ಕಾಂಡದ ಹೆಚ್ಚಿನ ಭಾಗವನ್ನು ಚೌಕಟ್ಟಿಗೆ ತಂದುಕೊಂಡು ಕಾದರೆ ಅದು ಕಣ್ತಪ್ಪುವುದು ಕಡಿಮೆ. ಆದರೆ ಝೂಮ್ ಉಂಗುರದ ತಿರುವು ಉದ್ದವಾದದ್ದು. 500ಕ್ಕೆ ತಲುಪುವಷ್ಟರಲ್ಲಿ ಹಕ್ಕಿ ಪಕ್ಕದ ಮರಕ್ಕೆ ಹಾರಿರುವುದೂ ಉಂಟು.

ಬೆಳಕಿನ ವಿಷಯದಲ್ಲಿ ರಾಜಿ ಅನಿವಾರ್ಯ. ದಟ್ಟ ನೆರಳಿನಲ್ಲಿ ಎಫ್/5.6ರಷ್ಟು ತೆರೆಯುವ ಲೆನ್ಸಿನ ಕಿಂಡಿ ಸಾಲದಾಗಿ ಐಎಸ್‌ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು, 3200ರ ಆಚೆಗೂ ಏರಿಸಬೇಕಾಗುತ್ತದೆ. ಲೆನ್ಸಿನ ಕಂಪನ ನಿವಾರಣೆ ಮೆಚ್ಚುವಂಥದ್ದೇ, ಆದರೆ ಅದು ತಡೆಯುವುದು ನಮ್ಮ ಕೈಯ ನಡುಕವನ್ನು ಮಾತ್ರ, ಹಕ್ಕಿಯ ಚಡಪಡಿಕೆಯನ್ನಲ್ಲ. ತಲೆಕೆಳಗಾಗಿ ಇಳಿಯುವ ನಟ್‌ಹ್ಯಾಚ್ ನಡುವೆ ಒಮ್ಮೊಮ್ಮೆ ತಡೆದು, ಕತ್ತನ್ನು ಕಾಂಡದಿಂದ ಆಚೆಗೆ ಎತ್ತಿ ಸುತ್ತ ನೋಡುತ್ತದೆ. ಆಗ ಕೆಂಪು ಕೊಕ್ಕು, ಹಳದಿ ಕಣ್ಣು, ಹಣೆಯ ಮಖಮಲ್ ಕಪ್ಪು ಮೂರೂ ತೊಗಟೆಯ ಹಿನ್ನೆಲೆಯಿಂದ ಬಿಡಿಸಿಕೊಂಡು ನಿಲ್ಲುತ್ತವೆ. ಪಕ್ಕದಿಂದ ಕಂಡರೆ ಕಣ್ಣಿನ ಹಿಂದಕ್ಕೆ ಹಾಯುವ ಕಪ್ಪು ಹುಬ್ಬಿನಿಂದ ಗಂಡೆಂದೂ ಗುರುತಿಸಬಹುದು. ಆ ಕ್ಷಣಕ್ಕೆ ಸೆಕೆಂಡಿನ 500ನೇ ಒಂದು ಭಾಗದ ಶಟರ್ ಸಾಕು.

ಫೋಕಸ್ ಮಿತಿಯ ಗುಂಡಿಯನ್ನು 6 ಮೀಟರಿನಿಂದಾಚೆಗೆ ಹೊಂದಿಸಿಟ್ಟರೆ ಲೆನ್ಸ್ ಎದುರಿನ ಕಡ್ಡಿಗಳತ್ತ ಓಡುವುದಿಲ್ಲ. ಟ್ರೈಪಾಡ್‌ಗೆ ಕೂರಿಸುವ ಕಾಲರ್ ಸೇರಿ 2.3 ಕಿಲೋ ತೂಗುವ ಇದನ್ನು ಎತ್ತರದ ಕೊಂಬೆಗೆ ಗುರಿಯಿಟ್ಟು ಬಹಳ ಹೊತ್ತು ಹಿಡಿಯುವುದು ತೋಳಿಗೆ ಶಿಕ್ಷೆಯೇ ಸರಿ. (ಒಂಟಿಗಾಲಿನ ಆಸರೆಯಾದ ಮಾನೋಪಾಡ್ ಇದ್ದರೂ ನೇರ ಮೇಲಕ್ಕೆ ಬಾಗಿಸುವಾಗ ಅಷ್ಟು ನೆರವಾಗದು.)

ನಿಕಾನ್‌ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಉಳ್ಳವರು ಈ ಲೆನ್ಸನ್ನು ಅದಕ್ಕೆ ಜೋಡಿಸುವ ಅಡಾಪ್ಟರ್‌ಗೆ ಹಣ ಹಾಕುವ ಬದಲು, ಝೂಮ್ ಮಾಡಿದಾಗ ಉದ್ದವಾಗದ, ನಿಕಾನ್‌ನದೇ 2023ರ 180-600 ಲೆನ್ಸನ್ನೇ ಪರಿಶೀಲಿಸುವುದು ಒಳ್ಳೆಯದು. ಕನ್ನಡಿಯುಳ್ಳ ಹಳೆಯ ಮಾದರಿಯ ನಿಕಾನ್ ಡಿಎಸ್ಎಲ್ಆರ್ ಕ್ಯಾಮೆರಾ ಬಿಡಲೊಲ್ಲದವರು ಸುಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ 200-500 ಸಿಕ್ಕರೆ ನಿಶ್ಚಿಂತೆಯಿಂದ ಕೊಳ್ಳಬಹುದು.